ಟೈಪ್ 1 ಶುಗರ್ ಇರುವ ಮನೆಯಲ್ಲಿ ಎರಡನೇ ಸ್ಟ್ರಿಪ್ ಡಬ್ಬಿ ಯಾಕೆ ಬೇಕು?

ಕೊಪ್ಪದ ಹತ್ತಿರ ಹಳ್ಳಿಯಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಒಂದು ಜುಲೈ ರಾತ್ರಿ ನಡೆದ ಸಂಗತಿ ಇದು. ಅಕ್ಕನ ಮಗಳಿಗೆ ಟೈಪ್ 1 ಶುಗರ್. ಊಟಕ್ಕೆ ಮೊದಲು ರಕ್ತದ ಶುಗರ್ ಪರೀಕ್ಷೆ ಮಾಡೋಣ ಅಂತ ಡಬ್ಬಿ ತೆಗೆದರೆ ಕೊನೆಯ ಸ್ಟ್ರಿಪ್, ಅಂದರೆ ಮೀಟರ್‌ಗೆ ತೂರಿಸಿ ರಕ್ತದ ಹನಿ ತಾಗಿಸುವ ಪುಟ್ಟ ಪಟ್ಟಿ, ಮಧ್ಯಾಹ್ನವೇ ಮುಗಿದಿತ್ತು. ಯಾರೂ ಗಾಬರಿಯಾಗಲಿಲ್ಲ. ಬೀರುವಿನಲ್ಲಿ ಹೊಸ ಡಬ್ಬಿ ಇತ್ತಲ್ಲ! ಅದರ ಸೀಲ್ ಒಡೆದು ಸ್ಟ್ರಿಪ್ ತೂರಿಸಿದರೆ ಮೀಟರ್ ಉಸಿರೇ ಎತ್ತಲಿಲ್ಲ. ಭಾವ ಪೇಟೆಯಿಂದ ತಂದದ್ದು ಅದೇ ಕಂಪನಿಯ ಸ್ಟ್ರಿಪ್, ಆದರೆ ಬೇರೆ ಮಾಡೆಲ್‌ನದ್ದು. ಕೈಯಲ್ಲಿ ಐವತ್ತು ಸ್ಟ್ರಿಪ್, ಒಂದೂ ಕೆಲಸಕ್ಕೆ ಬಾರದ್ದು. ಹೊರಗೆ ಮರ ಬಿದ್ದು ರಸ್ತೆ ಬಂದ್. ಕರೆಂಟ್ ಹೋಗಿ ಎರಡು ದಿನ. ಕೊನೆಗೆ ಎರಡು ಮನೆ ಆಚೆ ಇರುವ ಅಜ್ಜನಿಗೂ ಶುಗರ್ ಇದೆ ಅನ್ನುವುದು ನೆನಪಾಗಿ, ಭಾವ ಟಾರ್ಚ್ ಹಿಡಿದು ಹೋಗಿ ಅವರ ಮೀಟರ್ ತಂದರು.

ಆ ರಾತ್ರಿಯ ನಂತರ ಅಕ್ಕ ಒಂದು ಲೆಕ್ಕ ಇಟ್ಟುಕೊಂಡಿದ್ದಾಳೆ. ಮಗುವಿಗೆ ಟೈಪ್ 1 ಇದೆ ಅಂತ ಈಗಷ್ಟೇ ಗೊತ್ತಾದ ಮನೆಯವರಿಗೆ, ಅಂಥ ಮಗು ತರಗತಿಯಲ್ಲಿರುವ ಮೇಷ್ಟ್ರಿಗೆ ಆ ಲೆಕ್ಕ ಬುಡದಿಂದ ಅರ್ಥವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಇದು ಯಾವ ಶುಗರ್?

ನಮ್ಮಲ್ಲಿ ಶುಗರ್ ಅಂದರೆ ವಯಸ್ಸಾದವರ ಕಾಯಿಲೆ, ಮಾತ್ರೆ, ವಾಕಿಂಗ್, ಸಕ್ಕರೆ ಇಲ್ಲದ ಕಾಫಿ. ಅದು ಟೈಪ್ 2. ಟೈಪ್ 1 ಬೇರೆಯೇ. ಹೊಟ್ಟೆಯ ಹಿಂದೆ ಮೇದೋಜ್ಜೀರಕ ಅನ್ನುವ ಗ್ರಂಥಿ ಇದೆ. ಡಾಕ್ಟರರು ಪ್ಯಾಂಕ್ರಿಯಾಸ್ ಅನ್ನುತ್ತಾರೆ. ಇನ್ಸುಲಿನ್ ತಯಾರಾಗುವುದು ಅಲ್ಲಿನ ಬೀಟಾ ಕೋಶಗಳಲ್ಲಿ. ರೋಗಾಣುಗಳ ಮೇಲೆ ಬೀಳಬೇಕಾದ ದೇಹದ ಕಾವಲು ವ್ಯವಸ್ಥೆ ತಪ್ಪಿ ಈ ಕೋಶಗಳನ್ನೇ ನಾಶ ಮಾಡಿದರೆ ಇನ್ಸುಲಿನ್ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಸಿಹಿ ಜಾಸ್ತಿ ತಿಂದಿದ್ದಕ್ಕೆ ಬರುವ ಕಾಯಿಲೆ ಇದಲ್ಲ. ಮಗುವಿನದ್ದೂ ತಪ್ಪಿಲ್ಲ, ತಾಯಿಯದ್ದೂ ತಪ್ಪಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನೆಂಟರಿಗೆ ಅರ್ಥವಾಗುವುದಿಲ್ಲ, ಅದು ಬೇರೆ ಮಾತು.

ಇನ್ಸುಲಿನ್ ಇಲ್ಲದಿದ್ದರೆ ತಿಂದ ಅನ್ನ ಸಕ್ಕರೆಯಾಗಿ ರಕ್ತದಲ್ಲೇ ಉಳಿಯುತ್ತದೆ, ಜೀವಕೋಶಕ್ಕೆ ಹೋಗುವುದಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೂ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಇವತ್ತು ಇನ್ಸುಲಿನ್ ಹಾಕಿಕೊಂಡು ಶಾಲೆ, ಆಟ, ಕೆಲಸ, ಮದುವೆ ಎಲ್ಲವೂ ಆಗುತ್ತದೆ. ಆದರೆ ಎಷ್ಟು ಹಾಕಬೇಕು ಅನ್ನುವುದನ್ನು ನಾವೇ ನಿರ್ಧರಿಸಬೇಕು.

ಮನೆಯ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಕೆಲವರ ಮನೆಯಲ್ಲಿ ಆಟೋಮ್ಯಾಟಿಕ್ ಸ್ವಿಚ್ ಇರುತ್ತದೆ. ನೀರು ಕಮ್ಮಿಯಾದರೆ ಮೋಟರ್ ತಾನೇ ಆನ್ ಆಗಿ, ತುಂಬಿದಾಗ ತಾನೇ ಆಫ್ ಆಗುತ್ತದೆ. ಆರೋಗ್ಯವಂತರ ಪ್ಯಾಂಕ್ರಿಯಾಸ್ ಹಾಗೆ. ಟೈಪ್ 1 ಇರುವವರದ್ದು ಆ ಸ್ವಿಚ್ ಸುಟ್ಟುಹೋದ ಮನೆ. ಪ್ರತಿ ಸಲ ಮೆಟ್ಟಿಲು ಹತ್ತಿ, ಮುಚ್ಚಳ ತೆಗೆದು, ನೀರು ಎಲ್ಲಿವರೆಗೆ ಇದೆ ಅಂತ ಬಗ್ಗಿ ನೋಡಬೇಕು. ಬೆರಳಿಗೆ ಚುಚ್ಚಿ ಶುಗರ್ ನೋಡುವುದು ಅಂದರೆ ಹೀಗೆ ಬಗ್ಗಿ ನೋಡುವುದು. ನೋಡದೆ ಅಂದಾಜಿಗೆ ಇನ್ಸುಲಿನ್ ಹಾಕಿದರೆ ಕಮ್ಮಿಯಾದರೂ ಕಷ್ಟ, ಜಾಸ್ತಿಯಾದರೆ ಇನ್ನೂ ಬೇಗ ಕಷ್ಟ. ಶುಗರ್ 70ಕ್ಕಿಂತ ಕೆಳಗೆ ಹೋದರೆ ಬೆವರು, ನಡುಕ ಬರಬಹುದು. ಇನ್ನೂ ಇಳಿದರೆ ಪ್ರಜ್ಞೆಯೇ ತಪ್ಪಬಹುದು.

ಎರಡು ಮನೆ ಆಚೆಯ ಆ ಅಜ್ಜನಿಗೆ ಒಂದು ವಾರ ಸ್ಟ್ರಿಪ್ ಸಿಗದಿದ್ದರೂ ಮಾತ್ರೆ ನುಂಗಿಕೊಂಡು ದಿನ ದೂಡಬಹುದು. ಈ ಹುಡುಗಿಗೆ ಒಂದು ಹೊತ್ತಿನ ಊಟಕ್ಕೂ ಆ ಅಂಕಿ ಬೇಕು.

ಆ ಪುಟ್ಟ ಪಟ್ಟಿಯೊಳಗೆ ಏನಿದೆ?

ಸ್ಟ್ರಿಪ್ ನೋಡಲು ಪ್ಲಾಸ್ಟಿಕ್ ಚೂರು. ಅದರ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾಗಿ ಒಂದು ಕಿಣ್ವ ಸವರಿರುತ್ತಾರೆ. ಕಿಣ್ವ ಅಂದರೆ ಎಂಜೈಮ್, ಹಾಲಿಗೆ ಹೆಪ್ಪು ಹಾಕಿದ ಹಾಗೆ ಒಂದನ್ನು ಇನ್ನೊಂದಾಗಿ ಮಾಡಿಸುವ ವಸ್ತು. ರಕ್ತದ ಹನಿ ತಾಗಿದ ಕೂಡಲೇ ಈ ಕಿಣ್ವ ಅದರಲ್ಲಿನ ಗ್ಲೂಕೋಸ್ ಜೊತೆ ಸೇರಿ ಕೆಲಸ ಶುರುಮಾಡುತ್ತದೆ. ಆಗ ತೀರಾ ಸಣ್ಣ ಪ್ರಮಾಣದ ವಿದ್ಯುತ್ ಹುಟ್ಟುತ್ತದೆ. ಸಕ್ಕರೆ ಜಾಸ್ತಿ ಇದ್ದಷ್ಟೂ ವಿದ್ಯುತ್ ಜಾಸ್ತಿ. ಮೀಟರ್ ಅದನ್ನು ಅಳೆದು 142, 210 ಅಂತ ಅಂಕಿ ತೋರಿಸುತ್ತದೆ. ಆ ಅಂಕಿ ಅಂದರೆ ನೂರು ಮಿಲಿಲೀಟರ್ ರಕ್ತದಲ್ಲಿ ಅಷ್ಟು ಮಿಲಿಗ್ರಾಂ ಗ್ಲೂಕೋಸ್ ಇದೆ ಅಂತ.

ಅಕ್ಕನ ಮನೆಯಲ್ಲಿ ಆದ ಎಡವಟ್ಟಿನ ಕಾರಣ ಇಲ್ಲೇ ಇದೆ. ಒಂದೊಂದು ಮಾಡೆಲ್‌ನ ಸ್ಟ್ರಿಪ್‌ನಲ್ಲಿ ಕಿಣ್ವದ ಲೇಪ, ತಂತಿಗಳ ಜೋಡಣೆ ಬೇರೆ ಬೇರೆ. ಬೀಗ ಮತ್ತು ಕೀ ಇದ್ದ ಹಾಗೆ. ಒಂದೇ ಕಂಪನಿಯ ಬೀಗವಾದರೂ ಒಂದರ ಕೀ ಇನ್ನೊಂದಕ್ಕೆ ಆಗುವುದಿಲ್ಲ, ಅಲ್ವಾ? ಮೆಡಿಕಲ್ ಶಾಪ್‌ಗೆ ಹೋಗುವಾಗ ಕಂಪನಿಯ ಹೆಸರು ಬಾಯಲ್ಲಿ ಹೇಳಬೇಡಿ. ಖಾಲಿ ಡಬ್ಬಿಯ ಫೋಟೊ ತೋರಿಸಿ.

ಅಳತೆಯಲ್ಲಿ ಸ್ವಲ್ಪ ಆಚೀಚೆ ಇದ್ದೇ ಇರುತ್ತದೆ. ಮೀಟರ್‌ಗಳಿಗೆ ಐಎಸ್ಒ 15197 ಅನ್ನುವ ಅಂತರರಾಷ್ಟ್ರೀಯ ಮಾನದಂಡವಿದೆ. 2013ರ ಅದರ ರೂಪದ ಪ್ರಕಾರ ನೂರರಲ್ಲಿ 95 ಸಲವಾದರೂ ಮೀಟರ್ ತೋರಿಸುವ ಅಂಕಿ ನಿಜವಾದದ್ದಕ್ಕಿಂತ ಶೇಕಡಾ 15ರೊಳಗೆ ಇರಬೇಕು. ಶುಗರ್ 100ಕ್ಕಿಂತ ಕಮ್ಮಿ ಇದ್ದರೆ 15 ಅಂಕಿಯೊಳಗೆ. ಅಂದರೆ ನಿಜವಾದ ಶುಗರ್ 200 ಇದ್ದರೆ ಮೀಟರ್ 170 ಅಂದರೂ ಸರಿ, 230 ಅಂದರೂ ಸರಿ. ಎರಡು ಮೀಟರ್ ಇಟ್ಟುಕೊಂಡವರು ಒಂದರ ಮೇಲೊಂದು ನೋಡಿ ತಲೆ ಕೆಡಿಸಿಕೊಳ್ಳುವುದು ಇದನ್ನು ತಿಳಿಯದೆ.

ಕೈ ತೊಳೆಯದೆ ಚುಚ್ಚಿದರೆ ಮಾತ್ರ ಯಾವ ಮಾನದಂಡವೂ ಕಾಯುವುದಿಲ್ಲ. ಹಲಸಿನ ಹಣ್ಣು ಬಿಡಿಸಿದ ಬೆರಳಿನಲ್ಲಿ ಬಂದ 350, ತೊಳೆದು ಒರೆಸಿ ನೋಡಿದರೆ 130 ಆಗಿರುತ್ತದೆ. ಹೀಗೆ ಹಾಳಾಗುವ ಸ್ಟ್ರಿಪ್‌ಗಳೂ ಲೆಕ್ಕಕ್ಕೆ ಬರುತ್ತವೆ.

ಒಂದು ಇಲ್ಲದಿದ್ದರೆ ಉಳಿದದ್ದೂ ಇಲ್ಲ

ಸ್ಪೇರ್ ಅಂದರೆ ಎಲ್ಲರಿಗೂ ನೆನಪಾಗುವುದು ಸ್ಟ್ರಿಪ್ ಒಂದೇ. ಆದರೆ ಪರೀಕ್ಷೆಗೆ ಬೇಕಾದ ಸಾಮಾನುಗಳಲ್ಲಿ ಯಾವುದೇ ಒಂದು ಕೈಕೊಟ್ಟರೂ ಉಳಿದದ್ದೆಲ್ಲ ಸುಮ್ನೆ ಕೂರುತ್ತದೆ. ಒಲೆ ಇದೆ, ಗ್ಯಾಸ್ ಇದೆ, ಬೆಂಕಿಪೊಟ್ಟಣ ಇಲ್ಲ ಅಂದ ಹಾಗೆ.

ಅತಿ ಹೆಚ್ಚು ಮರೆಯುವುದು ಮೀಟರ್‌ನ ಸೆಲ್. ಬಹಳಷ್ಟು ಮೀಟರ್‌ಗಳಲ್ಲಿ ನಾಣ್ಯದ ಹಾಗಿರುವ ಸಿಆರ್ 2032 ಸೆಲ್ ಇರುತ್ತದೆ. ಕೆಲವಕ್ಕೆ ಎರಡು ಬೇಕು. ಟಿವಿ ರಿಮೋಟ್‌ನ ಕಡ್ಡಿ ಸೆಲ್ ಅದಕ್ಕೆ ಆಗುವುದಿಲ್ಲ, ಹಳ್ಳಿ ಅಂಗಡಿಯಲ್ಲಿ ಸಿಗುವ ಭರವಸೆಯೂ ಇಲ್ಲ. ಒಂದು ಜೊತೆ ತಂದು ಮೀಟರ್ ಚೀಲದಲ್ಲೇ ಇಟ್ಟುಬಿಡಿ. ಸೆಲ್ ಬದಲಿಸಿದ ಮೇಲೆ ತಾರೀಖು ಮತ್ತು ಸಮಯ ಸರಿ ಇದೆಯಾ ನೋಡಿ. ಎಷ್ಟೋ ಮೀಟರ್‌ಗಳಲ್ಲಿ ಅದು ಅಳಿಸಿಹೋಗಿ, ಮುಂದಿನ ಸಲ ಡಾಕ್ಟರ್ ನೋಡುವಾಗ ರಾತ್ರಿ ಶುಗರ್ ಬೆಳಗಿನದ್ದಾಗಿ ಕಾಣುತ್ತದೆ.

ಬೆರಳಿಗೆ ಚುಚ್ಚುವ ಸೂಜಿಗೆ ಲ್ಯಾನ್ಸೆಟ್ ಅನ್ನುತ್ತಾರೆ. ಡಬ್ಬಿಯ ಮೇಲಿನ ಗೇಜ್ ಅಂಕಿ ದೊಡ್ಡದಾದಷ್ಟೂ ಸೂಜಿ ತೆಳು. ಮಕ್ಕಳಿಗೆ 33 ಗೇಜ್ ನೋವು ಕಮ್ಮಿ. ಅದನ್ನು ಹಾಕಿ ಒತ್ತುವ ಪೆನ್ನಿನ ಸ್ಪ್ರಿಂಗ್ ಒಂದಲ್ಲ ಒಂದು ದಿನ ಕೆಡುತ್ತದೆ. ಪೆನ್ ಇಲ್ಲದೆ ಲ್ಯಾನ್ಸೆಟ್‌ನಿಂದಲೇ ನೇರ ಚುಚ್ಚಬಹುದು, ಆದರೆ ಮಗು ಕೈ ಕೊಡಬೇಕಲ್ಲ!

ಮೀಟರ್ ಕೂಡ ಎರಡು ಇರಬೇಕು. ಎರಡೂ ಒಂದೇ ಮಾಡೆಲ್ ಆಗಿರಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಆಗ ಒಂದು ನೀರಿಗೆ ಬಿದ್ದರೂ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ ಇನ್ನೊಂದಕ್ಕೆ ಆಗುತ್ತದೆ. ಬೇರೆ ಬೇರೆ ಮಾಡೆಲ್ ಇಟ್ಟುಕೊಂಡರೆ ಎರಡು ಬಗೆಯ ಸ್ಟ್ರಿಪ್ ಕೊಳ್ಳಬೇಕು, ಎರಡಕ್ಕೂ ಎಕ್ಸ್‌ಪೈರಿ ನೋಡುತ್ತಾ ಕೂರಬೇಕು. ಎರಡನೇ ಮೀಟರ್‌ಗೆ ದೊಡ್ಡ ಖರ್ಚಿಲ್ಲ. ರೇಜರ್ ಅಗ್ಗ, ಬ್ಲೇಡ್‌ನಲ್ಲಿ ಲಾಭ ಅನ್ನುವುದು ಈ ವ್ಯಾಪಾರದ ಲೆಕ್ಕ. ಸ್ಟ್ರಿಪ್ ಕೊಂಡರೆ ಮೀಟರ್ ಫ್ರೀ ಅನ್ನುವ ಆಫರ್‌ಗಳೂ ಬರುತ್ತಿರುತ್ತವೆ.

ಎಷ್ಟು ಇದ್ದರೆ ಸಾಕು?

ಮಕ್ಕಳ ಮಧುಮೇಹದ ಅಂತರರಾಷ್ಟ್ರೀಯ ಸಂಘವಾದ ಇಸ್ಪ್ಯಾಡ್ ದಿನಕ್ಕೆ 6ರಿಂದ 10 ಸಲ ಬೆರಳಿನ ಪರೀಕ್ಷೆ ಮಾಡಿ ಅನ್ನುತ್ತದೆ. ನಮ್ಮಲ್ಲಿ ಹಣದ ಕಾರಣಕ್ಕೆ ನಾಲ್ಕೈದಕ್ಕೆ ನಿಲ್ಲಿಸುವ ಮನೆಗಳೇ ಜಾಸ್ತಿ. ನಿಮ್ಮ ಡಾಕ್ಟರ್ ಹೇಳಿದ ಸಂಖ್ಯೆ ನಿಮ್ಮ ಲೆಕ್ಕಕ್ಕೆ ಆಧಾರ. ಇಲ್ಲಿ ಐದು ಅಂತ ಇಟ್ಟುಕೊಳ್ಳೋಣ.

ದಿನಕ್ಕೆ 5ರಂತೆ ತಿಂಗಳಿಗೆ 150. ರಕ್ತ ಸಾಲದೆ ಎರರ್ ಬಂದದ್ದು, ಕೈಜಾರಿ ಬಿದ್ದದ್ದು, ಅನುಮಾನ ಬಂದು ಮತ್ತೆ ನೋಡಿದ್ದು ಸೇರಿ ಒಂದು 15. ಮಗುವಿಗೆ ಜ್ವರ ಬಂದರೆ ಮೂರು ಗಂಟೆಗೊಮ್ಮೆ ನೋಡಬೇಕಾಗಬಹುದು. ದಿನಕ್ಕೆ 8ರಂತೆ ಮೂರು ದಿನಕ್ಕೆ 24, ಅಂದರೆ ಮಾಮೂಲಿಗಿಂತ 9 ಜಾಸ್ತಿ. ಒಟ್ಟು 174. ಐವತ್ತರ ಡಬ್ಬಿ ಲೆಕ್ಕದಲ್ಲಿ ತಿಂಗಳಿಗೆ ಮೂರೂವರೆ. "ತಿಂಗಳಿಗೆ ಮೂರು ಡಬ್ಬಿ ಸಾಕು" ಅಂದುಕೊಂಡವರಿಗೆ 26ನೇ ತಾರೀಖಿನ ಹೊತ್ತಿಗೆ ಡಬ್ಬಿ ಖಾಲಿಯಾಗುವುದು ಯಾಕೆ ಅಂತ ಈಗ ಗೊತ್ತಾಗುತ್ತದೆ.

ಇದು ಖರ್ಚಿನ ಲೆಕ್ಕವಾಯಿತು. ಸ್ಪೇರ್ ಎಷ್ಟು? ಎರಡು ವಾರ ಅಂಗಡಿಯ ಮುಖ ನೋಡದಿದ್ದರೂ ನಡೆಯುವಷ್ಟು ಅಂತ ಇಟ್ಟುಕೊಂಡರೆ 70, ಜೊತೆಗೆ ಎರರ್ ಮತ್ತು ಜ್ವರದ ದಿನಗಳಿಗೆ 30. ಅಂದರೆ ಸೀಲ್ ಒಡೆಯದ ಎರಡು ಡಬ್ಬಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಊರೂರಿಗೆ ಸಂಪರ್ಕ ಕಡಿದಿತ್ತು. 2020ರ ಮಾರ್ಚ್‌ನಲ್ಲಿ ನಾಲ್ಕು ಗಂಟೆ ಮೊದಲು ಹೇಳಿ ಇಡೀ ದೇಶಕ್ಕೆ ಲಾಕ್‌ಡೌನ್ ಹಾಕಿದರು. ಅಂಥವನ್ನು ನೆನೆದರೆ ಘಟ್ಟದ ಮೇಲಿನವರು ಮೂರು ಡಬ್ಬಿ ಇಟ್ಟುಕೊಂಡರೂ ಅತಿಯಾಗಲಿಲ್ಲ.

ಅಡುಗೆಮನೆಯ ಎರಡನೇ ಸಿಲಿಂಡರ್ ಇಲ್ಲಿಗೆ ಸರಿಯಾದ ಹೋಲಿಕೆ. ಮೊದಲನೆಯದು ಖಾಲಿಯಾದ ದಿನ ಎರಡನೆಯದನ್ನು ಹಚ್ಚುತ್ತೇವೆ, ಅವತ್ತೇ ಬುಕ್ ಮಾಡುತ್ತೇವೆ. ಎರಡನೆಯದೂ ಮುಗಿಯಲಿ ಅಂತ ಯಾರೂ ಕಾಯುವುದಿಲ್ಲ. ಸ್ಟ್ರಿಪ್‌ಗೂ ಅದೇ. ಸ್ಪೇರ್ ಡಬ್ಬಿಯ ಸೀಲ್ ಒಡೆದ ದಿನವೇ ಹೊಸದಕ್ಕೆ ಹೇಳಬೇಕು. ದುಡ್ಡಿನ ವಿಷಯವೂ ಸಿಲಿಂಡರ್‌ನದ್ದೇ. ಸ್ಪೇರ್ ಅನ್ನುವುದು ಪ್ರತಿ ತಿಂಗಳ ಹೆಚ್ಚುವರಿ ಖರ್ಚಲ್ಲ, ಡೆಪಾಸಿಟ್ ಕಟ್ಟಿದ ಹಾಗೆ ಒಂದೇ ಸಲದ್ದು. ಆಮೇಲೆ ಬಳಸಿದಷ್ಟನ್ನೇ ಕೊಳ್ಳುತ್ತಿರುತ್ತೀರಿ. ಒಟ್ಟಿಗೆ ಎರಡು ಡಬ್ಬಿಗೆ ಆಗದಿದ್ದರೆ ತಿಂಗಳಿಗೊಂದು ಇಪ್ಪತ್ತೈದರ ಡಬ್ಬಿ ಸೇರಿಸುತ್ತಾ ಹೋದರೂ ನಾಲ್ಕು ತಿಂಗಳಲ್ಲಿ ಅಲ್ಲಿಗೇ ಮುಟ್ಟುತ್ತದೆ.

ಹಾಗಂತ ರಿಯಾಯಿತಿ ಇದೆ ಅಂತ ಇಪ್ಪತ್ತು ಡಬ್ಬಿ ಪೇರಿಸಬೇಡಿ. ಕಿಣ್ವ ಹಳತಾಗುತ್ತದೆ, ಅದಕ್ಕೇ ಎಕ್ಸ್‌ಪೈರಿ ತಾರೀಖು. ಹೊಸ ಡಬ್ಬಿ ಹಿಂದೆ, ಹಳೆಯದು ಮುಂದೆ. ಅಮ್ಮಂದಿರು ಬೇಳೆ ಡಬ್ಬಿಯಲ್ಲಿ ಮಾಡುವುದೂ ಇದನ್ನೇ.

ಹಪ್ಪಳದ ಡಬ್ಬಿ, ಸ್ಟ್ರಿಪ್ ಡಬ್ಬಿ

ಮಳೆಗಾಲದಲ್ಲಿ ಕರಿದ ಹಪ್ಪಳವನ್ನು ಹೊರಗಿಟ್ಟರೆ ಎಷ್ಟು ಹೊತ್ತು ಗರಿಗರಿಯಾಗಿರುತ್ತದೆ? ಸ್ಟ್ರಿಪ್‌ನ ಕಿಣ್ವಕ್ಕೂ ಗಾಳಿಯ ತೇವವೇ ಶತ್ರು. ಹಪ್ಪಳ ಮೆತ್ತಗಾದರೆ ಬಾಯಿಗೆ ಗೊತ್ತಾಗುತ್ತದೆ. ಸ್ಟ್ರಿಪ್ ಹಾಳಾದರೆ ನೋಡಿದರೂ ಮುಟ್ಟಿದರೂ ಗೊತ್ತಾಗುವುದಿಲ್ಲ, ತಪ್ಪು ಅಂಕಿ ಕೊಡುತ್ತದೆ. ಅದನ್ನು ನಂಬಿ ಇನ್ಸುಲಿನ್ ಹಾಕುತ್ತೇವೆ.

ಡಬ್ಬಿಯಲ್ಲೇ ತೇವ ಹೀರುವ ವಸ್ತು ಇರುತ್ತದೆ. ಒಂದು ಸ್ಟ್ರಿಪ್ ತೆಗೆದ ತಕ್ಷಣ ಮುಚ್ಚಳ ಟಕ್ ಅಂತ ಹಾಕಬೇಕು. ನಾಲ್ಕು ಸ್ಟ್ರಿಪ್ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹೋಗುವ ಅಭ್ಯಾಸ ಬೇಡ. ಒಂದೊಂದನ್ನೂ ಬೇರೆ ಬೇರೆ ಫಾಯಿಲ್‌ನಲ್ಲಿ ಮುಚ್ಚಿದ ಸ್ಟ್ರಿಪ್‌ಗಳೂ ಬರುತ್ತವೆ, ಪ್ರಯಾಣಕ್ಕೆ ಅವು ಸಲೀಸು.

ಇನ್ನೊಂದು ಸೂಕ್ಷ್ಮವಿದೆ. ಕೆಲವು ಕಂಪನಿಗಳ ಡಬ್ಬಿ ಒಡೆದ ಮೇಲೆ ಮೂರು ತಿಂಗಳೊಳಗೆ ಮುಗಿಸಬೇಕು, ಕೆಲವಕ್ಕೆ ಆರು, ಕೆಲವಕ್ಕೆ ಅಚ್ಚಾದ ಎಕ್ಸ್‌ಪೈರಿಯವರೆಗೂ ನಡೆಯುತ್ತದೆ. ದಿನಾ ಬಳಸುವ ಡಬ್ಬಿ ಹತ್ತು ದಿನಕ್ಕೆ ಮುಗಿಯುವುದರಿಂದ ಅದಕ್ಕೆ ಈ ಚಿಂತೆ ಇಲ್ಲ. ಸಿಕ್ಕಿಹಾಕಿಕೊಳ್ಳುವುದು ಅಜ್ಜಿಮನೆಯಲ್ಲಿ ಬಿಟ್ಟುಬಂದ ಅರ್ಧ ಡಬ್ಬಿಯಿಂದ. ದಸರಾ ರಜೆಯಲ್ಲಿ ಒಡೆದದ್ದು ಬೇಸಿಗೆ ರಜೆಯವರೆಗೂ ಅಲ್ಲೇ ಇರುತ್ತದೆ. ಅಕ್ಕ ಈಗ ಡಬ್ಬಿ ಒಡೆದ ದಿನ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆಯುತ್ತಾಳೆ.

ಬಿಸಿಲಿನ ಕಥೆ ಬೇರೆ. ಬಹಳಷ್ಟು ಡಬ್ಬಿಗಳ ಮೇಲೆ 30 ಡಿಗ್ರಿಯೊಳಗೆ ಇಡಿ ಅಂತಲೂ, ಕೆಲವಕ್ಕೆ 40 ಅಂತಲೂ ಬರೆದಿರುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ. ಅಲ್ಲಿನವರು 40 ಅಂತ ಬರೆದ ಸ್ಟ್ರಿಪ್ ಹುಡುಕಿಕೊಂಡು, ಮನೆಯ ಒಳಕೋಣೆಯ ಕೆಳಗಿನ ಕಪಾಟಿನಲ್ಲಿ ಇಡುವುದು ಒಳ್ಳೆಯದು. ಬೈಕ್‌ನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್ ಬೇಡವೇ ಬೇಡ.

ಇನ್ಸುಲಿನ್ ಫ್ರಿಜ್‌ನಲ್ಲಿ ಇರುತ್ತದಲ್ಲ, ಸ್ಟ್ರಿಪ್ ಕೂಡ ಅಲ್ಲೇ ಇಟ್ಟರಾಯಿತು ಅನ್ನುವವರಿದ್ದಾರೆ. ಬೇಡ. ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಬೆವರುವುದನ್ನು ನೋಡಿದ್ದೀರಿ. ತಣ್ಣಗಿನ ಸ್ಟ್ರಿಪ್‌ಗೂ ಹಾಗೇ ನೀರಿನ ಪಸೆ ಕೂರುತ್ತದೆ.

ಸ್ಟ್ರಿಪ್ ಸರಿ ಇದೆಯೋ ಇಲ್ಲವೋ ಅಂತ ಅನುಮಾನ ಬಂದರೆ ಕಂಟ್ರೋಲ್ ಸಲ್ಯೂಷನ್ ಅನ್ನುವ ದ್ರವ ಸಿಗುತ್ತದೆ. ರಕ್ತದ ಬದಲು ಅದರ ಹನಿ ಹಾಕಿದರೆ ಡಬ್ಬಿಯ ಮೇಲೆ ಕೊಟ್ಟಿರುವ ಎರಡು ಅಂಕಿಗಳ ನಡುವೆ ಉತ್ತರ ಬರಬೇಕು.

ಸೆನ್ಸರ್ ಇದೆಯಲ್ಲ, ಮತ್ತೆ ಯಾಕೆ?

ತೋಳಿಗೆ ಅಂಟಿಸಿಕೊಂಡರೆ ಬೆರಳಿಗೆ ಚುಚ್ಚದೆಯೇ ಫೋನಿನಲ್ಲಿ ಶುಗರ್ ತೋರಿಸುವ ಸೆನ್ಸರ್‌ಗಳು ಈಗ ನಮ್ಮ ಊರುಗಳಿಗೂ ಬಂದಿವೆ. ನಮ್ಮಲ್ಲಿ ಹೆಚ್ಚು ಕಾಣುವ ಫ್ರೀಸ್ಟೈಲ್ ಲಿಬ್ರೆ ಸುಮಾರು ಎರಡು ವಾರ ಇರುತ್ತದೆ. ಅದು ನೋಡುವುದು ರಕ್ತವನ್ನಲ್ಲ, ಚರ್ಮದ ಕೆಳಗೆ ಕೋಶಗಳ ನಡುವಿನ ದ್ರವವನ್ನು. ರಕ್ತದ ಸಕ್ಕರೆ ಅಲ್ಲಿಗೆ ತಲುಪಲು ಕೆಲವು ನಿಮಿಷ ಹಿಡಿಯುತ್ತದೆ. ಶುಗರ್ ಸರ್ರನೆ ಇಳಿಯುತ್ತಿರುವಾಗ ಸೆನ್ಸರ್ ಇನ್ನೂ ಹಳೇ ಸುದ್ದಿ ಹೇಳುತ್ತಿರಬಹುದು. ರಾತ್ರಿ ಅದರ ಮೇಲೆ ಒತ್ತಿ ಮಲಗಿದರೆ ಇಲ್ಲದ ಲೋ ಶುಗರ್ ತೋರಿಸುವುದೂ ಉಂಟು. ಕಬಡ್ಡಿ ಆಡುವಾಗ ಕಿತ್ತುಬಂದರೆ, ಮಳೆಗೆ ಕರೆಂಟ್ ಹೋಗಿ ಫೋನ್ ಸತ್ತರೆ ಸೆನ್ಸರ್ ಮೂಕ. ಮೈಗೆ ಅನಿಸುವುದಕ್ಕೂ ಸೆನ್ಸರ್ ಹೇಳುವುದಕ್ಕೂ ತಾಳೆಯಾಗದಿದ್ದರೆ ಬೆರಳಿಗೇ ಚುಚ್ಚಿ ನೋಡಬೇಕು.

ಮರೆತೇಹೋಗುವ ಕೀಟೋನ್ ಪಟ್ಟಿ

ಇನ್ಸುಲಿನ್ ಸಾಲದೆ ಕೋಶಗಳಿಗೆ ಸಕ್ಕರೆ ಸಿಗದಿದ್ದಾಗ ದೇಹ ಕೊಬ್ಬನ್ನು ಸುಡಲು ಶುರುಮಾಡುತ್ತದೆ. ಆಗ ಬರುವ ಹೊಗೆ ಕೀಟೋನ್ ಅಂದುಕೊಳ್ಳಿ. ಅದು ಜಾಸ್ತಿಯಾದರೆ ರಕ್ತ ಆಮ್ಲೀಯವಾಗಿ ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಶುರುವಾಗಿ ಜೀವಕ್ಕೇ ಅಪಾಯ. ಇದನ್ನು ಡಿಕೆಎ ಅನ್ನುತ್ತಾರೆ. ಟೈಪ್ 1 ಇರುವವರಿಗೆ ಜ್ವರ, ವಾಂತಿ ಇದ್ದಾಗ ಅಥವಾ ಶುಗರ್ 250 ದಾಟಿ ಇಳಿಯದೆ ನಿಂತಾಗ ಕೀಟೋನ್ ನೋಡಬೇಕು. ಮೀಟರ್ ಮೇಲೆ ಅಂಕಿ ಬದಲು ‘ಹೈ’ ಅಂತ ಬಂದರೆ ಅದು ನಮಸ್ಕಾರವಲ್ಲ. ಬಹಳಷ್ಟು ಮೀಟರ್‌ಗಳಲ್ಲಿ 600 ದಾಟಿದೆ ಅಂತ ಅರ್ಥ.

ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪಟ್ಟಿ ಅಗ್ಗ. ರಕ್ತದ ಕೀಟೋನ್ ಪಟ್ಟಿ ದುಬಾರಿ, ಅದಕ್ಕೆ ಹೊಂದುವ ಮೀಟರೂ ಬೇಕು, ಆದರೆ ಸ್ಥಿತಿ ಬೇಗ ತಿಳಿಸುತ್ತದೆ. ಅದರಲ್ಲಿ 0.6ಕ್ಕಿಂತ ಕಮ್ಮಿ ಇದ್ದರೆ ಸರಿ. 1.5 ದಾಟಿದರೆ ಕೂಡಲೇ ಡಾಕ್ಟರ್‌ಗೆ ಫೋನ್ ಮಾಡಬೇಕು, 3 ದಾಟಿದರೆ ಆಸ್ಪತ್ರೆಗೇ ಓಡಬೇಕು. ಸಣ್ಣ ಊರಿನ ಅಂಗಡಿಯಲ್ಲಿ ಇವು ಕೇಳಿದ ದಿನ ಸಿಗುವುದು ಕಷ್ಟ, ಬೇಕಾಗುವುದೋ ಅಪರಾತ್ರಿಯಲ್ಲಿ. ವರ್ಷಕ್ಕೆ ನಾಲ್ಕೇ ಬಳಸಿದರೂ ಒಂದು ಡಬ್ಬಿ ಇರಲಿ. ಮಗು ಊಟ ಮಾಡಿಲ್ಲ ಅಂತ ಡಾಕ್ಟರನ್ನು ಕೇಳದೆ ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ, ಡಿಕೆಎಗೆ ಅದೇ ದಾರಿ.

ಶಾಲೆ ಮತ್ತು ಪ್ರಯಾಣ

ಶಾಲೆಯಲ್ಲಿ ಒಂದು ಪೂರ್ತಿ ಕಿಟ್ ಬೇರೆಯೇ ಇರಲಿ. ಎರಡನೇ ಮೀಟರ್‌ಗೆ ಒಳ್ಳೆಯ ಜಾಗ ಅದು. ಜೊತೆಗೆ ಗ್ಲೂಕೋಸ್ ಪುಡಿ. ಎಲ್ಲಿದೆ ಅನ್ನುವುದು ಕ್ಲಾಸ್ ಟೀಚರ್‌ಗೂ ಪಕ್ಕದ ಬೆಂಚಿನ ಗೆಳತಿಗೂ ಗೊತ್ತಿರಬೇಕು. ಟೈಪ್ 1 ಇರುವ ಮಕ್ಕಳು ಪರೀಕ್ಷಾ ಕೊಠಡಿಗೆ ತಿಂಡಿ, ಗ್ಲೂಕೋಸ್ ಮಾತ್ರೆ, ನೀರು ಒಯ್ಯಬಹುದು ಅಂತ ಸಿಬಿಎಸ್‌ಇ 2017ರಲ್ಲೇ ಹೇಳಿತ್ತು. ಇಂಥ ಮಕ್ಕಳಿಗೆ ಶಾಲೆಯಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ಹಾಕಿಕೊಳ್ಳಲು ಬಿಡಬೇಕು ಅಂತ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆದಿದೆ. ಶಾಲೆಯವರು ಹಿಂದೇಟು ಹಾಕಿದರೆ ಈ ಎರಡನ್ನೂ ನೆನಪಿಸಿ.

ಬಸ್ಸು, ರೈಲಿನಲ್ಲಿ ಹೋಗುವಾಗ ಎಷ್ಟು ದಿನಕ್ಕೆ ಹೊರಟಿದ್ದೀರೋ ಅದರ ಎರಡರಷ್ಟು ಒಯ್ಯಿರಿ. ಅರ್ಧ ನಿಮ್ಮ ಚೀಲದಲ್ಲಿ, ಅರ್ಧ ಜೊತೆಯವರ ಚೀಲದಲ್ಲಿ. ವಿಮಾನದಲ್ಲಾದರೆ ಎಲ್ಲವೂ ಕೈಚೀಲದಲ್ಲೇ ಇರಲಿ, ಡಾಕ್ಟರ್ ಚೀಟಿಯ ಸಮೇತ.

ಏನೂ ಇಲ್ಲದ ಹೊತ್ತಿಗೆ

ಇಷ್ಟೆಲ್ಲ ಮಾಡಿದರೂ ಒಂದು ದಿನ ಕೈ ಖಾಲಿಯಾಗಬಹುದು. ಆಗ ನಮ್ಮ ಭಾವ ಮಾಡಿದ ಹಾಗೆ ಅಕ್ಕಪಕ್ಕ ಕೇಳಿ. ಶುಗರ್ ಮೀಟರ್ ಇರುವ ಮನೆ ಇಲ್ಲದ ಬೀದಿ ಈಗ ಅಪರೂಪ. ಹಗಲಾದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡಿಸಬಹುದು. ಆದರೆ ಬೇರೆಯವರ ಸೂಜಿ, ಬೇರೆಯವರ ಪೆನ್ ಮುಟ್ಟಬಾರದು. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ಬಿ ಹರಡುತ್ತದೆ. ಆ ರಾತ್ರಿಯೂ ಮೀಟರ್ ಮತ್ತು ಸ್ಟ್ರಿಪ್ ಅಜ್ಜನದ್ದು, ಸೂಜಿ ನಮ್ಮದೇ.

ಪರೀಕ್ಷೆಗೆ ದಾರಿಯೇ ಇಲ್ಲ, ಮಗು ಬೆವರುತ್ತಿದೆ, ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ ಅಂದರೆ ಅದನ್ನು ಲೋ ಶುಗರ್ ಅಂತಲೇ ತಿಳಿದು ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಹಾಗೇ ಇದ್ದರೆ ಇನ್ನೊಮ್ಮೆ. ಶುಗರ್ ಜಾಸ್ತಿ ಇದ್ದರೆ ಏನು ಗತಿ ಅಂತ ಹೆದರುತ್ತಾ ಕೂರಬೇಡಿ. ಮೂರು ಚಮಚ ಸಕ್ಕರೆಯಿಂದ ಏರುವುದನ್ನು ಆಮೇಲೆ ಇಳಿಸಬಹುದು. ಲೋ ಶುಗರ್‌ಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಇಲ್ಲ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ, ಒಂದು ಪಕ್ಕಕ್ಕೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

ಅವತ್ತು ಅಜ್ಜನ ಮೀಟರ್‌ನಲ್ಲಿ 88 ಬಂತು. ಅಕ್ಕ ಇನ್ಸುಲಿನ್ ಲೆಕ್ಕ ಹಾಕಿ ಚುಚ್ಚಿ, ಲಾಟೀನು ಬೆಳಕಿನಲ್ಲಿ ಊಟಕ್ಕೆ ಬಡಿಸಿದಳು. ಬೆಳಿಗ್ಗೆ ರಸ್ತೆ ತೆರೆದ ಮೇಲೆ ಭಾವ ಆ ತಪ್ಪು ಡಬ್ಬಿಯನ್ನು ಹಿಡಿದುಕೊಂಡು ಪೇಟೆಗೆ ಹೋದರು. ಸೀಲ್ ಒಡೆದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದರಂತೆ.